ಮೀನಿಲ್ಲದ ತೊಟ್ಟಿಯ ಬಾಣಂತನ

ಎರಡು ತಿಂಗಳ ಕಾಲ ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಮೀನು ಎಲ್ಲಿ?"

ಶಿರಸಿಯಲ್ಲಿ ನಮ್ಮದು ಕೆಂಪು ಗಾರೆ ನೆಲದ ಹಳೇ ಮನೆ. ಅದರ ಜಗಲಿಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ. ತೊಟ್ಟಿಯ ತುಂಬ ಉಪ್ಪುನೀರು, ತಳದಲ್ಲಿ ಬಿಳಿ ಮರಳು, ನಡುವೆ ಏಳೆಂಟು ಕಲ್ಲು. ದೀಪ ಉರಿಯುತ್ತದೆ, ಪಂಪು ಗುಂಯ್ ಅನ್ನುತ್ತದೆ, ನೀರು ತಿರುಗುತ್ತದೆ. ಮೀನು ಮಾತ್ರ ಒಂದೂ ಇಲ್ಲ! ಹಾಲು ತರುವ ಹುಡುಗ ಒಂದು ವಾರ ಸುಮ್ಮನೆ ನೋಡಿದವನು ಕೊನೆಗೆ ದನಿ ತಗ್ಗಿಸಿ, "ಎಲ್ಲಾ ಸತ್ತೋದ್ವಾ ಅಮ್ಮಾ?" ಅಂತ ಕೇಳಿದ. "ಇನ್ನೂ ಬಂದೇ ಇಲ್ಲ ಮಾರಾಯ" ಅಂದೆ.

ನಗಬೇಡಿ ಸೋದರಿಯರೇ. ಆ ಖಾಲಿ ತೊಟ್ಟಿಗೆ ನಾನು ಮಾಡಿದ ಆರೈಕೆಯನ್ನು ಸೊಸೆಯ ಬಾಣಂತನದಲ್ಲೂ ಮಾಡಲಿಲ್ಲವೆಂದು ಮಗ ಈಗಲೂ ಹಾಸ್ಯ ಮಾಡುತ್ತಾನೆ. ಇಂಥ ತೊಟ್ಟಿ ನಿಮ್ಮ ಮನೆಗೆ ಎಂದೂ ಬರದೇ ಇರಬಹುದು. ಆದರೆ ನೀರು, ಕರೆಂಟು, ಮನೆಯವರ ಹಟ, ಈ ಮೂರೂ ಒಂದೇ ಮೂಲೆಯಲ್ಲಿ ಬಂದು ಸೇರುವ ಪ್ರಸಂಗ ಯಾರ ಮನೆಯಲ್ಲಿ ಇಲ್ಲ ಹೇಳಿ? ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವರು 2024ರ ಮೇ ತಿಂಗಳಲ್ಲಿ ಸಹಕಾರಿ ಸಂಘದ ಕೆಲಸದಿಂದ ನಿವೃತ್ತರಾದರು. ಮನೆಯಲ್ಲೇ ಕೂತ ಗಂಡಸರ ಕೈಗೆ ಕೆಲಸವಿಲ್ಲದಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ವರ್ಷದ ದಸರಾ ರಜೆಯಲ್ಲಿ ಮಗ, ಸೊಸೆ, ಮೊಮ್ಮಗಳು ಬೆಂಗಳೂರಿಂದ ಬಂದಾಗ ಎಲ್ಲರೂ ಮುರ್ಡೇಶ್ವರಕ್ಕೆ ಹೋದೆವು. ಮಗ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಮುಳುಗಿ ಬಂದ. ಅಲ್ಲಿ ತೆಗೆದ ವೀಡಿಯೋವನ್ನು ಸಂಜೆ ತೋರಿಸಿದ. ಹವಳದ ದಿಬ್ಬ, ಅದರ ಸಂದಿಯಲ್ಲಿ ಸುಳಿಯುವ ಬಣ್ಣಬಣ್ಣದ ಮೀನು. ನಮ್ಮವರು ಅದನ್ನು ನಾಲ್ಕು ಸಲ ನೋಡಿದರು. ಮಂಡಿನೋವಿನ ಮನುಷ್ಯ, ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಸಮುದ್ರವನ್ನೇ ಮನೆಗೆ ತರುವುದೆಂದು ಅಲ್ಲೇ ತೀರ್ಮಾನ ಮಾಡಿಬಿಟ್ಟರು!

ಹವಳದ ತುಂಡೊಂದನ್ನು ದಡದಿಂದ ಆರಿಸಿಕೊಂಡೂ ಬಂದಿದ್ದರು. ಮಗನೇ ತಡೆದು ಅಲ್ಲೇ ಬಿಡಿಸಿದ. ಕಲ್ಲು ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಹುಲಿ, ಆನೆ ಇರುವ ಪಟ್ಟಿ ಅದು. ಹಾಗಾಗಿ ನಮ್ಮ ತೊಟ್ಟಿಗೆ ಬಂದದ್ದು ಮಣ್ಣು ಸುಟ್ಟು ಮಾಡಿದ, ಮೈತುಂಬ ತೂತಿರುವ ಕೃತಕ ಕಲ್ಲು. ಮೀನೂ ಅಷ್ಟೇ, ಸಮುದ್ರದಿಂದ ಹಿಡಿದದ್ದು ಬೇಡ, ಹ್ಯಾಚರಿಯಲ್ಲಿ ಮರಿ ಮಾಡಿದ ಕ್ಲೌನ್ ಮೀನು ಸಾಕು ಎಂದು ಮಾತಾಯಿತು.

ಮೊಮ್ಮಗಳಿಗೆ ಎಂಟು ವರ್ಷ. ನಾವು ಅವಳನ್ನು ಕೂಸು ಅಂತಲೇ ಕರೆಯುವುದು. ಅವಳು ಬಸ್ಸು ಹತ್ತುವಾಗ, "ಕ್ರಿಸ್‌ಮಸ್ ರಜೆಗೆ ನೀ ಬರೋದ್ರೊಳಗೆ ಮೀನು ಇರ್ತದೆ" ಎಂದು ಅಜ್ಜ ಮಾತು ಕೊಟ್ಟರು. ಕೂಸು ಏನೂ ಹೇಳಲಿಲ್ಲ. ನನಗೆ ಕಾರಣ ಗೊತ್ತಿತ್ತು. 2023ರ ಬೇಸಿಗೆಯಲ್ಲಿ ಅಜ್ಜ ಪೇಟೆಯಿಂದ ಗಾಜಿನ ಬೋಗುಣಿ, ಎರಡು ಗೋಲ್ಡ್‌ಫಿಶ್ ಒಟ್ಟಿಗೇ ತಂದು, ನಲ್ಲಿ ನೀರಿಗೆ ಬಿಟ್ಟಿದ್ದರು. ಮೂರನೇ ದಿನ ಬೆಳಿಗ್ಗೆ ಎರಡೂ ತೇಲುತ್ತಿದ್ದವು. ಕೂಸು ಅವನ್ನು ದಾಸವಾಳದ ಬುಡದಲ್ಲಿ ಹೂತು ಬಂದು, "ಅಜ್ಜಿ, ನಾವೇನು ತಪ್ಪು ಮಾಡಿದ್ವಿ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಈಗ ಗೊತ್ತು. ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಹೊರಬೀಳುತ್ತದೆ. ಹಳೇ ನೀರಿನಲ್ಲಾದರೆ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ನೈಟ್ರೇಟು ಅಷ್ಟು ಕೆಟ್ಟದ್ದಲ್ಲ, ಆಗಾಗ ಒಂದಿಷ್ಟು ನೀರು ಬದಲಾಯಿಸಿದರೆ ಹೋಗುತ್ತದೆ. ಹೊಸ ಗಾಜು, ಹೊಸ ನೀರಿನಲ್ಲಿ ಆ ಬ್ಯಾಕ್ಟೀರಿಯಾ ಇರುವುದಿಲ್ಲ. ಮೀನು ತನ್ನ ವಿಷದಲ್ಲಿ ತಾನೇ ಸಾಯುತ್ತದೆ. ಕಲ್ಲು ಮರಳಿನ ಮೇಲೆ ಅವು ಬಂದು ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು, ಚಳಿಯಾದರೆ ಇನ್ನೂ ಹೆಚ್ಚು. ಇದಕ್ಕೆ ಸೈಕ್ಲಿಂಗ್ ಅಂತ ಹೆಸರು. ಮೊದಲು ಕೇಳಿದಾಗ ನಮ್ಮವರು ಮಂಡಿನೋವಿಗೆ ಸೈಕಲ್ ಹೊಡೆಯಲು ಹೊರಟಿದ್ದಾರೆಂದೇ ತಿಳಿದಿದ್ದೆ! ಆಮೇಲೆ ನೋಡಿದರೆ ನಮ್ಮ ಮೊಸರಿನ ಲೆಕ್ಕವೇ. ಚಳಿಗಾಲದಲ್ಲಿ ಹೆಪ್ಪು ಕೂಡಲು ಎಷ್ಟು ಹೊತ್ತು ಬೇಕೋ ಅಷ್ಟು ಬೇಕು, ಪಾತ್ರೆ ಅಲ್ಲಾಡಿಸಿದರೆ ಬೇಗ ಆಗುವುದಿಲ್ಲ.

ನವೆಂಬರ್ ಎರಡನೇ ವಾರ ನೀರು ತುಂಬಿದೆವು. ಉಪ್ಪುನೀರಿಗಾಗಿ ಮೊದಲು ನಡೆದ ಪೆದ್ದುತನ ಕೇಳಿ. "ಕುಮಟಾ ಇಲ್ಲೇ ಇದೆಯಲ್ಲ, ಕ್ಯಾನಿನಲ್ಲಿ ಸಮುದ್ರದ ನೀರೇ ತಂದರಾಯ್ತು" ಅಂತ ನಮ್ಮವರು ಜೀಪು ಮಾಡಿಸಿಕೊಂಡು ಘಟ್ಟ ಇಳಿದರು. ತುಂಬಿಕೊಂಡು ಬಂದದ್ದು ಅಘನಾಶಿನಿಯ ಅಳಿವೆಯ ಹತ್ತಿರ. ಮಳೆಗಾಲ ಆಗಷ್ಟೇ ಮುಗಿದಿತ್ತು, ಹೊಳೆಯ ಸಿಹಿನೀರು ಬೆರೆತು ಉಪ್ಪು ಅರ್ಧಕ್ಕರ್ಧ. ಆ ಹೊಳೆ ಹುಟ್ಟುವುದು ನಮ್ಮ ಊರಿನ ಶಂಕರಹೊಂಡದಲ್ಲಿ ಎನ್ನುತ್ತಾರೆ. ಅಂದರೆ ಘಟ್ಟ ಇಳಿದು ಹೋಗಿ ನಮ್ಮೂರ ನೀರನ್ನೇ ದುಡ್ಡು ಕೊಟ್ಟು ಹೊತ್ತು ತಂದ ಹಾಗಾಯಿತು! ಕೊನೆಗೆ ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪನ್ನೇ ತರಿಸಿದ್ದಾಯಿತು. ಲೀಟರಿಗೆ 35 ಗ್ರಾಂನಂತೆ, 200 ಲೀಟರಿಗೆ 7 ಕೆ.ಜಿ. ಅಡಿಗೆ ಉಪ್ಪು ಆಗುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದುವು ಇರುವುದಿಲ್ಲ.

ಉಪ್ಪು ಹದವಾಗಿದೆಯೋ ಎಂದು ನೋಡಲು ಹೈಡ್ರೋಮೀಟರ್ ಎಂಬ ಪ್ಲಾಸ್ಟಿಕ್ ಡಬ್ಬಿ ಇದೆ. ಒಳಗೊಂದು ಮುಳ್ಳು ಏಳುತ್ತದೆ, 1.025ಕ್ಕೆ ನಿಲ್ಲಬೇಕು. ನಮ್ಮದು ಒಂದು ದಿನ 1.028, ಅರ್ಧ ಗಂಟೆ ಬಿಟ್ಟು ನೋಡಿದರೆ 1.022. ನಮ್ಮವರು ಒಮ್ಮೆ ನೀರು ಸುರಿಯುವುದು, ಒಮ್ಮೆ ಉಪ್ಪು ಸುರಿಯುವುದು. ಮುಳ್ಳಿಗೆ ಸಣ್ಣ ಗಾಳಿಗುಳ್ಳೆ ಅಂಟಿ ಅದನ್ನು ಮೇಲೆತ್ತುತ್ತಿತ್ತು, ಅಷ್ಟೇ. ಡಬ್ಬಿಯನ್ನು ಬೆರಳಿನಿಂದ ನಾಲ್ಕು ಸಲ ತಟ್ಟಿ, ಗುಳ್ಳೆ ಬಿಡಿಸಿ ಆಮೇಲೆ ಓದಬೇಕು.

ಬ್ಯಾಕ್ಟೀರಿಯಾಕ್ಕೆ ಊಟ ಬೇಕಲ್ಲ? ಮೀನಿಲ್ಲದ ತೊಟ್ಟಿಗೆ ಅಮೋನಿಯಾ ಎಲ್ಲಿಂದ ಬರಬೇಕು? "ಒಂದು ಸಿಗಡಿ ತುಂಡು ಹಾಕಿ ಕೊಳೆಯಲು ಬಿಡಿ" ಅಂತ ಅಂಗಡಿಯವನ ಸಲಹೆ. ಈರುಳ್ಳಿ ತರುವುದಕ್ಕೂ ಅತ್ತೆಯವರ ಕಾಲದಲ್ಲಿ ಹೆದರುತ್ತಿದ್ದ ಮನೆ ನಮ್ಮದು. "ಸಿಗಡಿ ಈ ಹೊಸ್ತಿಲು ದಾಟಿದರೆ ನಾನು ತವರುಮನೆಗೆ" ಅಂದುಬಿಟ್ಟೆ. ದಾರಿ ತೋರಿಸಿದವರು ಪಕ್ಕದ ಮನೆಯ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. "ನವಸಾಗರ ಹಾಕಿ ತಾಯಿ, ಅದು ಅಮೋನಿಯಂ ಕ್ಲೋರೈಡೇ" ಅಂದರು. ನೋಡಿದಿರಾ! ಹಿಂದೆ ಕಲಾಯಿ ಹಾಕುವವನು ಬಂದಾಗ ಪಾತ್ರೆಗೆ ಉಜ್ಜುತ್ತಿದ್ದ, ಘಾಟು ಹೊಗೆ ಬರುತ್ತಿದ್ದ ಅದೇ ನವಸಾಗರ. ಆದರೆ ಕಲಾಯಿಗೆ ತರುವ ಗಡ್ಡೆಯಲ್ಲಿ ಕಸರು ಇರುತ್ತದೆ, ಅದು ಬೇಡ. ಪ್ರಯೋಗಶಾಲೆಯ ಶುದ್ಧ ಪುಡಿಯನ್ನು ಮೇಷ್ಟ್ರೇ ತೂಗಿ ಕೊಟ್ಟರು. ನಮ್ಮ ಇಡೀ ತೊಟ್ಟಿಗೆ ಬೇಕಾದದ್ದು ಬರೀ ಒಂದೂಕಾಲು ಗ್ರಾಂ.

ಅಲ್ಲಿಗೆ ಊಟವಾಯಿತು. ಇನ್ನು ಕಾಯುವುದು. ಆದರೆ ಯಂತ್ರಗಳು ಕಾಯಲು ಬಿಟ್ಟರಲ್ಲವೇ?

ಐದನೇ ರಾತ್ರಿ ಎರಡು ಗಂಟೆಗೆ ಕರೆಂಟು ಹೋಯಿತು. ನನಗೆ ಎಚ್ಚರವಾದದ್ದು ಪಂಪಿನ ಸದ್ದು ನಿಂತದ್ದಕ್ಕೆ. ಕೂಸು ಮಲಗಿದ ಕೋಣೆಯಲ್ಲಿ ಉಸಿರಿನ ಸದ್ದು ಬದಲಾದರೆ ಎಚ್ಚರವಾಗುವುದಿಲ್ಲವೇ, ಹಾಗೆ. ಎದ್ದು ಜಗಲಿಗೆ ಕಾಲಿಟ್ಟರೆ ನೀರು! ತೊಟ್ಟಿಯ ಕೆಳಗೆ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ ಇದೆ, ಸಂಪು ಅನ್ನುತ್ತಾರೆ. ಮೇಲಿನ ನೀರು ಅಲ್ಲಿಗೆ ಇಳಿದು, ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಪಂಪು ನಿಂತ ಕೂಡಲೇ ಆ ಏರುವ ಪೈಪೇ ಇಳಿಯುವ ಪೈಪಾಗಿ, ಮೇಲಿನ ನೀರನ್ನೆಲ್ಲ ಕೆಳಗೆ ಎಳೆದು ಹಾಕಿತ್ತು. ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ನಳಿಗೆಯಲ್ಲಿ ಬಾಯಿಂದ ಎಳೆದು ಬಿಡುತ್ತಿದ್ದೆವಲ್ಲ, ಅದೇ ಉಪಾಯ. ಇಬ್ಬರೂ ಬೆಳಗಿನವರೆಗೆ ಹಳೇ ಸೀರೆ ಹಾಕಿ ಒರೆಸಿದೆವು. ಪರಿಹಾರ ಬಹಳ ಸುಲಭ. ಮೇಲಿನ ಪೈಪಿಗೆ ನೀರಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೆ ಒಂದು ಸಣ್ಣ ತೂತು. ನೀರು ಆ ತೂತಿಗಿಂತ ಇಳಿದೊಡನೆ ಗಾಳಿ ಒಳಗೆ ಹೊಕ್ಕು ಎಳೆತ ತುಂಡಾಗುತ್ತದೆ. ಆ ತೂತನ್ನು ವಾರಕ್ಕೊಮ್ಮೆ ಕಡ್ಡಿಯಿಂದ ಬಿಡಿಸಬೇಕು, ಉಪ್ಪು ಕಟ್ಟಿ ಮುಚ್ಚಿಬಿಡುತ್ತದೆ. ಆಮೇಲೆ ಬೇಕೆಂದೇ ಹಗಲು ಹೊತ್ತು ಪಂಪು ನಿಲ್ಲಿಸಿ, ಸಂಪಿನಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ನೋಡಿ ಗೆರೆ ಎಳೆದೆ. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು.

ಸ್ಕಿಮ್ಮರ್ ಎಂಬ ಇನ್ನೊಂದು ಯಂತ್ರವಿದೆ, ನೊರೆ ಎಬ್ಬಿಸಿ ನೀರಿನ ಜಿಡ್ಡು ಕೊಳೆಯನ್ನು ಮೇಲಿನ ಬಟ್ಟಲಿಗೆ ತಳ್ಳುವಂಥದ್ದು. ಹೊಸದರಲ್ಲಿ ಅದು ಒಂದು ದಿನ ಉಕ್ಕಿ ಹರಿಯುತ್ತದೆ, ಒಂದು ದಿನ ನೊರೆಯನ್ನೇ ಕೊಡುವುದಿಲ್ಲ. ವಾರ ಹತ್ತು ದಿನದಲ್ಲಿ ತಾನೇ ಸರಿಹೋಗುತ್ತದೆ. ನಮ್ಮದು ಸರಿಹೋದ ಮೇಲೂ ಶುಕ್ರವಾರ ಶುಕ್ರವಾರ ನೊರೆ ಸತ್ತು ಮಲಗುತ್ತಿತ್ತು. ಯೋಚಿಸಿ ನೋಡಿದರೆ ಕಳ್ಳಿ ನಾನೇ. ಶುಕ್ರವಾರ ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಅದೇ ಕೈಯಲ್ಲಿ ಬಟ್ಟಲು ತೆಗೆದು ತೊಳೆಯುತ್ತಿದ್ದೆ!

ಇನ್ನೊಂದು ತಪ್ಪು ಆಗುತ್ತಿತ್ತು, ಕೂದಲೆಳೆಯಲ್ಲಿ ತಪ್ಪಿತು. ತೊಟ್ಟಿಯ ನೀರು ದಿನಾ ಆವಿಯಾಗಿ ಇಳಿಯುತ್ತದೆ. ಸಾರು ಕುದಿದು ಬತ್ತಿದರೆ ಉಪ್ಪು ಹೆಚ್ಚಾಗುತ್ತದಲ್ಲ, ಹಾಗೆ ಇಲ್ಲೂ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಸೇರಿಸಬೇಕಾದದ್ದು ಶುದ್ಧವಾದ ಸಿಹಿನೀರು. ನಮ್ಮ ಅಡಿಗೆಮನೆಯ ಶುದ್ಧೀಕರಣ ಯಂತ್ರವಿದೆಯಲ್ಲ ಎಂದು ಕೊಡ ಹಿಡಿದೆ. ಅದರ ಮೈಮೇಲಿನ ಚೀಟಿ ಅಂದು ಕಣ್ಣಿಗೆ ಬಿದ್ದದ್ದು ಪುಣ್ಯ. ತಾಮ್ರದ ಅಂಶ ಸೇರಿಸಿ ಕೊಡುವ ಮಾದರಿ ಅದು. ನಮಗೆ ಒಳ್ಳೆಯದೆಂದು ಮಾರುವ ತಾಮ್ರ, ಸಮುದ್ರದ ಸಿಗಡಿ, ಬಸವನಹುಳ, ಹವಳದ ಜಾತಿಗೆಲ್ಲ ವಿಷ. ಒಮ್ಮೆ ಕಲ್ಲು ಮರಳಿಗೆ ಹಿಡಿದರೆ ಮತ್ತೆ ತಿಂಗಳುಗಟ್ಟಲೆ ಬಿಡುತ್ತಾ ಇರುತ್ತದೆ. ತಾಮ್ರದ ಹಂಡೆಯ ನೀರೂ ಇದೇ ಕಾರಣಕ್ಕೆ ಕೂಡದು. ಮೇಷ್ಟ್ರ ಮನೆಯ ಸಾದಾ ಆರ್.ಓ. ನೀರನ್ನು ದಿನ ಬಿಟ್ಟು ದಿನ ಪ್ಲಾಸ್ಟಿಕ್ ಕೊಡದಲ್ಲಿ ತರತೊಡಗಿದೆ.

ಎರಡು ವಾರ ಕಳೆಯಿತು. ಪರೀಕ್ಷೆಯ ಸಣ್ಣ ಸೀಸೆಯಲ್ಲಿ ನೀರು ಹಿಡಿದು ಹನಿ ಹಾಕಿದರೆ ಅದೇ ಹಸಿರು ಬಣ್ಣ, ಅದೇ ಅಮೋನಿಯಾ. ಚೂರೂ ಇಳಿದಿಲ್ಲ. "ಈ ನವಸಾಗರ ಗಿವಸಾಗರ ಎಲ್ಲ ದಂಡ" ಎಂದು ನಮ್ಮವರು ಮುಖ ಊದಿಸಿದರು. ನನಗೆ ಮಾತ್ರ ಮೊಸರಿನ ಪಾತ್ರೆ ನೆನಪಾಯಿತು. ನವೆಂಬರ್ ಕೊನೆ, ಬೆಳಗಿನ ಜಾವ ಕಂಬಳಿ ಬಿಟ್ಟೇಳಲು ಮನಸ್ಸಾಗದ ಚಳಿ. ಥರ್ಮಾಮೀಟರ್ ಹಾಕಿ ನೋಡಿದರೆ ನೀರು 20 ಡಿಗ್ರಿ. ಹೀಟರಿನ ತಿರುಪು 26ಕ್ಕೇ ಇದೆ, ಅದರ ಕೆಂಪು ದೀಪ ಹಗಲೂ ರಾತ್ರಿ ಆರುತ್ತಲೇ ಇಲ್ಲ. ಪಾಪ, ಅದು ಕೆಟ್ಟಿರಲಿಲ್ಲ. 100 ವಾಟಿನ ಹೀಟರಿಗೆ 200 ಲೀಟರಿನ ಹೊರೆ. ತಣ್ಣಗಿನ ಮನೆಯಲ್ಲಿ ಲೀಟರಿಗೆ ಒಂದು ವಾಟಾದರೂ ಬೇಕು. 200 ವಾಟಿನದು ಬಂತು, ನೀರು ಬೆಚ್ಚಗಾಯಿತು. ಒಂದು ವಾರದಲ್ಲಿ ಹಸಿರು ಹಳದಿಗೆ ತಿರುಗಿತು. ನೈಟ್ರೈಟಿನ ಸೀಸೆ ನೇರಳೆಯಾಯಿತು. ಮೊದಲ ಹೆಪ್ಪು ಕೂತಿತ್ತು! ಅಂದು ಪಾಯಸ ಮಾಡಿದೆ ಅಂದರೆ ನಂಬುತ್ತೀರಾ?

ಹೊಸ ಹೀಟರು ಬಂದ ಮೇಲೆ ಹಳೆಯದನ್ನು ತೆಗೆದಿಡಬೇಕಿತ್ತು. "ಇರಲಿ ಬಿಡು, ದುಡ್ಡು ಕೊಟ್ಟಿದ್ದಲ್ವಾ, ಎರಡಿದ್ರೆ ಇನ್ನೂ ಬೆಚ್ಚಗೆ" ಅಂದರು ನಮ್ಮವರು. ಸಂಪಿನ ಕೊನೆಯ ಗೂಡಿನಲ್ಲಿ, ಪಂಪಿನ ಪಕ್ಕ, ಅದು ತೂಗುತ್ತಲೇ ಉಳಿಯಿತು.

ಡಿಸೆಂಬರ್ ನಡುವೆ ಸಿದ್ದಾಪುರದಲ್ಲಿ ಒಂದು ಮದುವೆ. ಎರಡು ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಬಂದು ನೋಡಿದರೆ ಮೇಲಿನ ತೊಟ್ಟಿ ತುಂಬಿದ ಹಾಗೇ ಇದೆ, ಆವಿಯಾದ ನೀರಿನ ಲೆಕ್ಕವೆಲ್ಲ ಸಂಪಿನ ಆ ಕೊನೆಯ ಗೂಡಿನಲ್ಲೇ ಕಾಣುವುದು. ಅಲ್ಲಿ ನೀರು ಪಾತಾಳಕ್ಕೆ ಇಳಿದು ಹಳೇ ಹೀಟರು ಅರ್ಧ ಹೊರಗೆ ನಿಂತಿತ್ತು. ನಾನು ಸೀರೆ ಸಹ ಬದಲಾಯಿಸದೆ ಒಂದು ಕೊಡ ತಣ್ಣೀರು ಹೊಯ್ದೆ. ಟಿಕ್ ಅಂತ ಒಂದು ಸದ್ದು. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಬರುತ್ತದಲ್ಲ, ಅಂಥದು. "ಏನೋ ಒಡೆದ ಹಾಗಾಯ್ತು" ಅಂದೆ. ನಮ್ಮವರು ಒಳಗಿನಿಂದಲೇ, "ಕಪಾಟಿನ ಹಲಗೆ ಇರ್ಬೇಕು, ಚಳಿಗೆ ಬಿಡ್ತದೆ" ಅಂದರು.

ಮಾರನೇ ದಿನ ಬೆಳಿಗ್ಗೆ ಗಾಜು ಒರೆಸುವಾಗ ಬೆರಳು ನೀರಿಗೆ ತಾಗಿತು. ಚಳಿಗೆ ನನ್ನ ಬೆರಳ ತುದಿ ಸೀಳಿತ್ತು. ಆ ಸೀಳಿನಲ್ಲಿ ಇರುವೆ ಕಚ್ಚಿದ ಹಾಗೆ ಜುಂ ಎಂದಿತು. ಉಪ್ಪುನೀರು ಗಾಯಕ್ಕೆ ಉರಿಯುವುದು ಬೇರೆ, ಇದು ಬೇರೆ. ಉರಿ ನಿಲ್ಲುತ್ತದೆ, ಇದು ನಡುಗುತ್ತದೆ. ಹೇಳಿದೆ. ನಮ್ಮವರು ಬಂದು ಮೊಣಕೈವರೆಗೆ ಕೈ ಮುಳುಗಿಸಿ ತೋರಿಸಿದರು. "ಎಲ್ಲಿ? ಏನಿಲ್ಲ. ನಿಂಗೆ ಈ ತೊಟ್ಟಿ ಅಂದ್ರೆ ಮೊದಲಿಂದ ಆಗ್ತಿಲ್ಲ" ಅಂದರು. ಎರಡು ದಿನ ನಾನು ಸುಮ್ಮನಿದ್ದೆ. ಆ ಎರಡು ದಿನವನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಯಾಕೆಂದರೆ ಮುಂದಿನ ವಾರ ಕೂಸು ಬರುವುದಿತ್ತು. ಬಂದ ಮಗು ಮೊದಲು ಮಾಡುವುದೇನು? ನೀರಿಗೆ ಕೈ ಹಾಕುವುದು. ಮೈಯೆಲ್ಲ ಒದ್ದೆ ಮಾಡಿಕೊಂಡು, ಬರಿಗಾಲಲ್ಲಿ ನಿಂತು.

ಬರಿಗಾಲು ಎಂದು ಮನಸ್ಸಿಗೆ ಬಂದ ಕೂಡಲೇ ಕಣ್ಣು ನಮ್ಮವರ ಕಾಲಿಗೆ ಹೋಯಿತು. ಮಂಡಿನೋವು, ಚಳಿ ಎಂದು ಅವರು ಮನೆಯೊಳಗೂ ರಬ್ಬರಿನ ಹವಾಯಿ ಚಪ್ಪಲಿ ಬಿಡುವುದಿಲ್ಲ. ನಾನು ಒರೆಸಿದ ಒದ್ದೆ ನೆಲದ ಮೇಲೆ ಬರಿಗಾಲು! ಅವರ ಕೈಗೆ ತಾಗದೆ ನನಗೇ ಯಾಕೆ ತಾಗುತ್ತದೆ ಎಂಬುದಕ್ಕೆ ಉತ್ತರ ಅಲ್ಲಿತ್ತು. "ಚಪ್ಪಲಿ ಬಿಟ್ಟು ಕೈ ಹಾಕಿ ನೋಡಿ" ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿದೆ. ಅವರೂ ಮನುಷ್ಯರೇ. ತೊಟ್ಟಿಯ ಬೋರ್ಡಿಗೆ ಹೋಗುವ ಸ್ವಿಚ್ಚನ್ನು ಮೇನಿನಲ್ಲೇ ಆರಿಸಿ, ಎಲೆಕ್ಟ್ರಿಷಿಯನ್ನನಿಗೆ ನಾನೇ ಫೋನು ಮಾಡಿದೆ. ಮೂವತ್ತೇಳು ವರ್ಷದ ಸಂಸಾರದಲ್ಲಿ ಅವರನ್ನು ಕೇಳದೆ ಕರೆಂಟಿನವನನ್ನು ಕರೆದದ್ದು ಅದೇ ಮೊದಲು.

ಹುಡುಗ ಬಂದ. ನೀರಿಗೆ ಕೈ ಹಾಕಲಿಲ್ಲ. ಮೀಟರಿನ ಒಂದು ತಂತಿಯನ್ನು ನೀರಿಗೆ, ಇನ್ನೊಂದನ್ನು ಹೊರಗೆ ತಾನೇ ನೆಟ್ಟ ಕಬ್ಬಿಣದ ಸಲಾಕೆಗೆ ಹಿಡಿದು ಸ್ವಿಚ್ ಹಾಕಿಸಿದ. 110 ವೋಲ್ಟ್! ಪಂಪುಗಳೆಲ್ಲ ಚೆನ್ನಾಗಿದ್ದರೂ ಮೀಟರು ಸ್ವಲ್ಪ ತೋರಿಸುವುದುಂಟಂತೆ, ಇದು ಆ ಸ್ವಲ್ಪವಲ್ಲ. ಒಂದೊಂದೇ ಪ್ಲಗ್ ಕೀಳುತ್ತ ಬಂದ. ಪಂಪು, ಸ್ಕಿಮ್ಮರು, ದೀಪ, ಹೊಸ ಹೀಟರು, ಯಾವುದಕ್ಕೂ ಜಗ್ಗಲಿಲ್ಲ. ಹಳೇ ಹೀಟರಿನ ಪ್ಲಗ್ ಕಿತ್ತೊಡನೆ ಮುಳ್ಳು ಬಿದ್ದುಹೋಯಿತು. ಮೇಲೆತ್ತಿ ನೋಡಿದರೆ ಗಾಜಿನ ಉದ್ದಕ್ಕೂ ಕೂದಲಿನಂಥ ಬಿರುಕು, ಒಳಗೆ ನೀರಿನ ಹನಿ. ಆ ಟಿಕ್ ಸದ್ದು! ಅದಕ್ಕೆ ಎರಡೇ ಪಿನ್ನು. ಮೂರು ಪಿನ್ನಿದ್ದರೂ ಉಪಯೋಗ ಆಗುತ್ತಿರಲಿಲ್ಲ, ಮನೆಯ ಹಿಂದಿನ ಅರ್ಥಿಂಗ್ ತಂತಿ ತುಕ್ಕು ಹಿಡಿದು ತುಂಡಾಗಿ ಯಾವ ಕಾಲವಾಗಿತ್ತೋ.

"ಫ್ಯೂಸ್ ಯಾಕೆ ಹೋಗ್ಲಿಲ್ಲ?" ನಮ್ಮವರ ದನಿ ಸಣ್ಣದಾಗಿತ್ತು. ಫ್ಯೂಸು, ಎಂ.ಸಿ.ಬಿ. ಇರುವುದು ತಂತಿ ಸುಡದಂತೆ ಕಾಯಲು. ಮನುಷ್ಯನ ಮೈಯಲ್ಲಿ ಹರಿದು ಹೋಗುವಷ್ಟು ಸಣ್ಣ ಸೋರಿಕೆ ಅವಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆಯದೇ ಒಂದು ಪೆಟ್ಟಿಗೆ, ಆರ್.ಸಿ.ಸಿ.ಬಿ. ಅಂತ. ಹೋದ ಕರೆಂಟು ಅಷ್ಟೂ ವಾಪಸು ಬಂತೇ ಎಂದು ಲೆಕ್ಕ ನೋಡುತ್ತಲೇ ಇರುತ್ತದೆ, 30 ಮಿಲಿ ಆಂಪಿಯರ್ ಕೂಡ ಕಡಿಮೆಯಾಗುವ ಮೊದಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಸುತ್ತದೆ. ಎರಡು ಸಾವಿರ ರೂಪಾಯಿಯ ಆಸುಪಾಸು. ಸೋದರಿಯರೇ, ತೊಟ್ಟಿಯ ಮಾತು ಬಿಡಿ, ನಿಮ್ಮ ಮನೆಯಲ್ಲಿ ಗೀಸರು, ವಾಷಿಂಗ್ ಮೆಷಿನ್ನು, ಗ್ರೈಂಡರು ಇದ್ದೇ ಇದೆಯಲ್ಲ? ಇಂದೇ ಮೇನ್ ಬೋರ್ಡಿನ ಹತ್ತಿರ ಹೋಗಿ ನೋಡಿ. ಆ ಪೆಟ್ಟಿಗೆಯ ಮೇಲೆ ಪರೀಕ್ಷೆಗೆಂದು ಒಂದು ಸಣ್ಣ ಗುಂಡಿ ಇರುತ್ತದೆ. ಅಂಥ ಗುಂಡಿ ಎಲ್ಲೂ ಕಾಣಿಸದಿದ್ದರೆ ಎಲೆಕ್ಟ್ರಿಷಿಯನ್ನನನ್ನು ಕರೆಯಿರಿ. ಮನೆಯವರು "ಆಮೇಲೆ ನೋಡೋಣ" ಅಂದರೂ ಕರೆಯಿರಿ. ನೀರು ಹದವಾಗಲು ಎಷ್ಟು ದಿನ ಬೇಕಾದರೂ ಕಾಯಿರಿ, ಆದರೆ ಯಂತ್ರ ಜುಂ ಎಂದರೆ ಒಂದು ಗಳಿಗೆಯೂ ಕಾಯಬೇಡಿ.

ಅಂದೇ ಅರ್ಥಿಂಗ್ ಹೊಸದಾಯಿತು, ಪೆಟ್ಟಿಗೆ ಬಂತು. ನೆಲದ ಹತ್ತಿರ ಮಲಗಿದ್ದ ಎಕ್ಸ್‌ಟೆನ್ಷನ್ ಬೋರ್ಡು ಗೋಡೆಗೆ ಏರಿತು. ಅದರ ತೂತಿನ ಸುತ್ತ ಬಿಳಿ ಉಪ್ಪು ಕಟ್ಟಿತ್ತು! ಪ್ರತಿ ತಂತಿಯೂ ಬೋರ್ಡಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಆಮೇಲೆ ಮೇಲೇರುವ ಹಾಗೆ ಕಟ್ಟಿದ. ತಂತಿಗುಂಟ ಇಳಿದ ನೀರು ಆ ಜೋತಿನಲ್ಲೇ ತೊಟ್ಟಿಕ್ಕಲಿ, ಪ್ಲಗ್ಗಿನೊಳಗೆ ಹೋಗದಿರಲಿ ಎಂದು. ಹೊಸ ಹೀಟರನ್ನು ನೀರು ಎಂದೂ ಇಳಿಯದ ನಡುವಿನ ಗೂಡಿಗೆ ಹಾಕಿದೆವು. ಅಂದಿನಿಂದ ಪ್ಲಗ್ ಕೀಳದೆ ನಾನು ಒಂದು ಚೊಂಬು ನೀರನ್ನೂ ಹೊಯ್ಯುವುದಿಲ್ಲ.

ಒಡೆದ ಹೀಟರಿನ ಲೋಹ ನೀರಿಗೆ ಬಿಟ್ಟಿರಬಹುದೆಂದು ಮೂರನೇ ಒಂದು ಪಾಲು ನೀರು ಬದಲಾಯಿಸಿದೆವು. "ತಿಂಗಳ ಕೆಲಸ ಚರಂಡಿಗೆ ಹೋಯ್ತು" ಎಂದು ನಮ್ಮವರು ಕೊರಗಿದರು. ಮೇಷ್ಟ್ರು ನಕ್ಕರು. ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಲ್ಲ, ಕಲ್ಲಿಗೆ ಮರಳಿಗೆ ಅಂಟಿಕೊಂಡು. ನೀರು ಚೆಲ್ಲಿದರೆ ಅವು ಹೋಗುವುದಿಲ್ಲ.

ಡಿಸೆಂಬರ್ 24ಕ್ಕೆ ಕೂಸು ಬಂದಿತು. ಚೀಲ ಕೂಡ ಇಳಿಸದೆ ತೊಟ್ಟಿಯ ಮುಂದೆ ನಿಂತಳು. ಬಿಳಿ ಮರಳಿನ ಮೇಲೆ ಆಗಷ್ಟೇ ಕಂದು ಪಾಚಿಯ ಪದರ ಬಂದಿತ್ತು, ಈ ಹಂತದಲ್ಲಿ ಅದು ಬರುವುದೇ. "ಅಜ್ಜ, ಮೀನು?" ಅಂದಳು. ನಮ್ಮವರ ಮುಖ ನೋಡಲಾಗಲಿಲ್ಲ. ರಾತ್ರಿ ಅಡಿಗೆಮನೆಗೆ ಬಂದು, "ಅಮೋನಿಯಾ ಇಲ್ವಲ್ಲ, ಎರಡೇ ಎರಡು ತರಿಸಿಬಿಡೋಣ, ಕೊಟ್ಟ ಮಾತು" ಅಂದರು. ನೈಟ್ರೈಟು ಇನ್ನೂ ನೇರಳೆ ಇತ್ತು. ಉಪ್ಪುನೀರಿನಲ್ಲಿ ಅದು ಸಿಹಿನೀರಿನಷ್ಟು ಮಾರಕವಲ್ಲ ನಿಜ, ಆದರೆ ಅದು ಇದೆ ಅಂದರೆ ಎರಡನೇ ಹೆಪ್ಪು ಕೂತಿಲ್ಲ ಅಂತಲೇ ಅರ್ಥ. ನನಗೂ ಕೂಸಿನ ಮುಖ ನೋಡಿ ಕರುಳು ಚುರಕ್ ಅಂದಿತ್ತು. "ದಾಸವಾಳದ ಬುಡ ಮತ್ತೆ ಅಗೆಯೋದು ಬೇಡ" ಅಂದೆ. ಅವರು ಮಾತಾಡಲಿಲ್ಲ.

ಬೆಳಿಗ್ಗೆ ಕೂಸನ್ನು ಕೂರಿಸಿಕೊಂಡು ಎಲ್ಲ ಹೇಳಿದೆ, ಆ ಎರಡು ಮೀನು ಯಾಕೆ ಸತ್ತವು ಎಂಬುದನ್ನೂ ಸೇರಿಸಿ. ಸೀಸೆಗಳನ್ನು ಅವಳ ಕೈಗೇ ಕೊಟ್ಟೆ. ಬಣ್ಣವನ್ನು ಬಲ್ಬಿನ ಕೆಳಗೆ ನೋಡಬಾರದು, ಕಿಟಕಿಯ ಬೆಳಕಿಗೆ ಹಿಡಿಯಬೇಕು. ನೈಟ್ರೇಟಿನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಮಜ್ಜಿಗೆ ಕಡೆದ ಹಾಗೆ ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುಳ್ಳು ಲೆಕ್ಕ ಕೊಡುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ, ಬಣ್ಣದ ಪೆನ್ಸಿಲಿನಿಂದಲೇ ಚೌಕ ತುಂಬಿದಳು. ಏಳು ದಿನ ಏಳು ಚೌಕ, ಗಾಢ ನೇರಳೆಯಿಂದ ತಿಳಿ ನೇರಳೆ. ಮೀನು ನೋಡದೆಯೇ ಬಸ್ಸು ಹತ್ತಿದಳು, ಆದರೆ ಅಳಲಿಲ್ಲ. "ಅಜ್ಜಿ, ನೀಲಿ ಆದ ದಿನ ಫೋನ್ ಮಾಡು" ಅಂದಳು.

ನೀಲಿಯಾದದ್ದು 2025ರ ಜನವರಿ 9ಕ್ಕೆ. ಖಾತ್ರಿಗೆಂದು ಮತ್ತೆ ಒಂದೂಕಾಲು ಗ್ರಾಂ ನವಸಾಗರ ಹಾಕಿ 24 ಗಂಟೆ ಬಿಟ್ಟು ನೋಡಿದೆವು. ಅಮೋನಿಯಾ ಸೊನ್ನೆ, ನೈಟ್ರೈಟು ಸೊನ್ನೆ. ಅರ್ಧ ನೀರು ಬದಲಾಯಿಸಿದೆವು. ಸಂಕ್ರಾಂತಿಯ ಮುಂದಿನ ವಾರ ಮಗ ರಾತ್ರಿ ಬಸ್ಸಿನಲ್ಲಿ ಎರಡು ಕ್ಲೌನ್ ಮೀನು, ನಾಲ್ಕು ಬಸವನಹುಳ ತಂದ. ಕಿತ್ತಳೆ ಮೈ, ಬಿಳಿ ಪಟ್ಟೆ, ಕಿರುಬೆರಳಿನುದ್ದ. ಹಾಲಿನ ಹುಡುಗ ಅಂದು ಕಾಲು ಗಂಟೆ ನಿಂತ, ನಾಲ್ಕು ಮನೆಯ ಹಾಲು ತಡವಾಯಿತು.

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದೆವು. ಜಗಲಿಯ ಕಡೆಯಿಂದ ಬರುವ ಸದ್ದಿನಲ್ಲಿ ಏನೋ ಕರಕರ. "ಪಂಪಿನ ದನಿ ಬದಲಾಗಿದೆ" ಅಂದೆ. ಅನ್ನ ಕಲಸುತ್ತಿದ್ದವರು ಎದ್ದರು. ಕೈ ತೊಳೆದು ಒರೆಸಿಕೊಂಡು ಹೋಗಿ, ಮೊದಲು ಪ್ಲಗ್ ಕಿತ್ತು, ಆಮೇಲೆ ನೀರಿಗೆ ಕೈ ಹಾಕಿದರು. ಪಂಪಿನ ಬಾಯಲ್ಲಿ ಒಂದು ಬಸವನಹುಳ ಸಿಕ್ಕಿಕೊಂಡಿತ್ತು. ಬಿಡಿಸಿ, ಕಲ್ಲಿನ ಮೇಲೆ ಕೂರಿಸಿ ಬಂದರು. ಅಷ್ಟರಲ್ಲಿ ಸಾರು ಆರಿತ್ತು, ಬಿಸಿ ಮಾಡಿ ಬಡಿಸಿದೆ.